ಬಯೋಡೇಟಾದಲ್ಲೊಂದು ನಾಯಿ

ಸೆಪ್ಟೆಂಬರ್ ೮, ಭಾನುವಾರ. ಬೆಳಿಗ್ಗೆ ೭

ರಜೆ. ಚಹಾ, ಎರಡು ರಸ್ಕು, ಬಟ್ಟೆ ಮಷೀನಿಗೆ. ವಾರವಿಡೀ ಬೋಲಿಂಗ್‌ಬ್ರೂಕ್‌ನ ವೇರ್‌ಹೌಸಿನಲ್ಲಿ ನಲವತ್ತು ಜನರ ಮೇಲೆ ನಾನು ಸೂಪರ್‌ವೈಸರ್. ಭಾನುವಾರ ನನ್ನ ಮೇಲೆ ಲುಬ್ನಾ ಆಪಾ. ಪ್ಲೇನ್‌ಫೀಲ್ಡ್‌ನಿಂದ ಅಕ್ಕನ ಫೋನು ಬಂತೆಂದರೆ ನಿದ್ದೆ ಮುಗಿಯಿತು.

ಸ್ಕೋಕಿಯ ಹುಡುಗಿಯ ಕಡೆಯಿಂದ ಉತ್ತರ ಬಂದಿದೆಯಂತೆ. ದಾನಿಯಾ. ಮೂವತ್ತು ವರ್ಷ, ಫಾರ್ಮಸಿಸ್ಟ್. ಆಪಾ ಬರೆದು ಕಳಿಸಿದ ನನ್ನ ಮದುವೆ ಬಯೋಡೇಟಾ ಇಷ್ಟವಾಗಿದೆ — ಅದರಲ್ಲೂ ಹಾಬೀಸ್.

ಯಾವ ಹಾಬೀಸ್? ತೆಗೆದು ನೋಡಿದೆ. ಹೈಕಿಂಗ್. ಇತಿಹಾಸ. ನಾಯಿಗಳೆಂದರೆ ಪ್ರಾಣ.

ನನಗೆ! ಒಂಬತ್ತನೇ ವಯಸ್ಸಿನಲ್ಲಿ ಕಲಬುರಗಿಯ ಬೀದಿ ನಾಯಿ ಕಚ್ಚಿ, ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್ ಚುಚ್ಚಿಸಿಕೊಂಡವನಿಗೆ!

"ಎಲ್ಲಾರೂ ಹಂಗೇ ಬರೀತಾರ. ನಿನ್ನ ಹಾಬಿ ನಿದ್ದಿ ಅಂತ ಬರೀಲೇನು?" ಎಂದಳು ಆಪಾ.

ಹುಡುಗಿಯ ಹತ್ತಿರ ನಾಯಿ ಇದೆ. ಹೆಸರು ಪಿಕಲ್. ಉಪ್ಪಿನಕಾಯಿ ಅಂತ ಯಾರಾದರೂ ಹೆಸರಿಡುತ್ತಾರೆಯೇ? ಪ್ರತಿ ಅಕ್ಟೋಬರ್‌ನಲ್ಲಿ ಅವಳು, ಅವಳ ಅಣ್ಣ, ನಾಯಿ ಎಲ್ಲಾದರೂ ನಡೆಯಲು ಹೋಗುತ್ತಾರೆ. ಈ ಸಲ ಯೂಟಾದ ಮರುಭೂಮಿ. ಬಂಡೆಯ ಪೊಟರೆಯಲ್ಲಿ ಎಂಟುನೂರು ವರ್ಷದ ಹಿಂದೆ ಜನ ಕಟ್ಟಿದ ಮನೆಗಳಿವೆಯಂತೆ. ಒಂದು ರಾತ್ರಿ ಅಲ್ಲೇ ಟೆಂಟು. ನಾನೂ ಬರಬೇಕಂತೆ. ಹುಡುಗಿ ನೋಡುವ ಶಾಸ್ತ್ರ — ಬೆನ್ನಿಗೆ ಮೂವತ್ತು ಪೌಂಡು ಹೊತ್ತು!

ಸೆಪ್ಟೆಂಬರ್ ೧೫

ಬ್ಯಾಗಿಗೆ ಇಪ್ಪತ್ತು ಪೌಂಡಿನ ಸೋನಾ ಮಸೂರಿ ಮೂಟೆ ತುಂಬಿ ನಮ್ಮ ಬಡಾವಣೆಯ ಕೆರೆಗೆ ನಾಲ್ಕು ಸುತ್ತು. ಎದುರು ಮನೆಯ ರಾಜಶೇಖರ್ ಅಂಕಲ್ ಕಾರು ನಿಲ್ಲಿಸಿ, "ಮನೆ ಶಿಫ್ಟ್ ಮಾಡ್ತಿದೀರಾ?" ಎಂದರು.

ಆಮೇಲೆ ಡಾಗ್ ಪಾರ್ಕ್. ಅರ್ಧ ಗಂಟೆ ನಾಯಿಗಳನ್ನು ನೋಡಿದೆ. ಕಾರಿನೊಳಗಿಂದ. ಕಿಟಕಿ ಏರಿಸಿ.

ಸೆಪ್ಟೆಂಬರ್ ೨೧, ಶನಿವಾರ

ಸ್ಕೋಕಿ. ದಾನಿಯಾಳ ತಂದೆ ಇಕ್ರಾಮ್ ಅಂಕಲ್ ಧಾರವಾಡದಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ಆ ಮನೆಯಲ್ಲಿ ಉರ್ದುವಿನ ಜೊತೆ ಕನ್ನಡವೂ ಕಡ್ಡಾಯ. ನಮಾಜಿನ ಕೋಣೆ ಬಿಟ್ಟು ಎಲ್ಲ ಕಡೆ ನಾಯಿಗೆ ಪ್ರವೇಶ.

ಕಂದು ಬಣ್ಣ. ಕರುವಿನಷ್ಟು ಎತ್ತರ. ನೇರ ನನ್ನೆದುರು ಬಂದು ಕೂತಿತು. ಭಯಕ್ಕೆ ಕೈಯಲ್ಲಿದ್ದ ಸಮೋಸ ಜಾರಿ ಬಿತ್ತು. ಒಂದೇ ಗುಟುಕು!

"ನೋಡ್ರಿ, ತಾವು ತಿನ್ನದೇ ಪಿಕಲ್‌ಗ ಕೊಟ್ಟ್ರು," ಎಂದರು ದಾನಿಯಾಳ ಅಮ್ಮ. ಎಲ್ಲರಿಗೂ ಮೆಚ್ಚುಗೆ. ಆಪಾ ಹಲ್ಲು ಕಚ್ಚಿ ನಗು ತಡೆದಳು.

ದಾನಿಯಾ ಮಾತ್ರ ನನ್ನನ್ನೇ ನೋಡಿದಳು. ನಕ್ಕಳು. "ಚಹಾ ಕುಡಿಯೋ ಎರಡು ತಾಸು ಎಲ್ಲಾರೂ ಛಲೋನ ಇರ್ತಾರ. ಎರಡನೇ ದಿನ ಖರೇ ಮುಖ ಕಾಣಸ್ತದ. ಅದಕ್ಕ ಯೂಟಾಕ್ಕ ಕರದೀನಿ."

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಇಷ್ಟವಾಗಿಬಿಟ್ಟಿದ್ದಾಳೆ, ಅದೇ ತೊಂದರೆ.

ಅಕ್ಟೋಬರ್ ೧೧. ನೆಬ್ರಾಸ್ಕಾದ ಯಾವುದೋ ಪೆಟ್ರೋಲ್ ಬಂಕ್

ಡ್ರೈವಿಂಗ್ ಅವಳ ಅಣ್ಣ ಅರ್ಸಲಾನ್ ಭಾಯ್. ಪಕ್ಕದಲ್ಲಿ ದಾನಿಯಾ. ಹಿಂದೆ ನಾನು, ಪಿಕಲ್. ಐನೂರು ಮೈಲಿ. ಬಾಗಿಲಿಗೆ ಅಂಟಿಕೊಂಡೇ ಕೂತು ಬಲ ಭುಜ ಮರಗಟ್ಟಿದೆ. ಅದು ಗೊರಕೆ ಹೊಡೆಯುತ್ತದೆ. ನಾಯಿ ಗೊರಕೆ ಹೊಡೆಯುತ್ತದೆಂದು ಯಾರೂ ಹೇಳಿರಲಿಲ್ಲ.

ಅಕ್ಟೋಬರ್ ೧೩, ಭಾನುವಾರ. ಸಂಜೆ ೬

ಐದು ಮೈಲಿ ನಡೆದೆ! ನಾನು! ಕೆಂಪು ಬಂಡೆ, ಕೆಂಪು ಮಣ್ಣು, ಮೇಲೆ ಒಂದು ಚೂರೂ ಮೋಡವಿಲ್ಲದ ನೀಲಿ. ಎಲ್ಲಿಯೂ ಹನಿ ನೀರಿಲ್ಲ, ಎಲ್ಲವನ್ನೂ ಹೊತ್ತು ತಂದಿದ್ದೇವೆ. ಪಿಕಲ್ ಬೆನ್ನಿಗೂ ಪುಟ್ಟ ಜೋಳಿಗೆ, ಅದರ ನೀರು ಅದೇ ಹೊರಬೇಕು. ಊಟಕ್ಕೆ ಆಪಾ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ದಾನಿಯಾ ನಾಲ್ಕು ತಿಂದಳು. ಇಡೀ ದಾರಿ ಮಾತು. ಇಷ್ಟು ಸಂತೋಷವಾಗಿ ಯಾವತ್ತು ಇದ್ದೆನೋ ನೆನಪಿಲ್ಲ.

೭:೩೦

ಎಲ್ಲ ಕೆಡಿಸಿದೆ.

ಟೆಂಟು ಹಾಕಿದ ಮೇಲೆ ದಾನಿಯಾ, "ಇವತ್ತ ಪಿಕಲ್ ನಿಮ್ಮ ಬಾಜೂಕ ಮಲಗಲಿ. ಅದಕ್ಕ ನೀವಂದ್ರ ಭಾಳ ಇಷ್ಟ," ಎಂದಳು. ಎಷ್ಟು ಪ್ರೀತಿಯಿಂದ ಎಂದಳೆಂದರೆ ಇನ್ನು ಸುಳ್ಳು ಹೇಳಲು ಆಗಲಿಲ್ಲ.

"ನನಗ ನಾಯಿ ಅಂದ್ರ ಅಂಜಿಕಿ. ಬಯೋಡೇಟಾದಾಗ ಬರೆದಿದ್ದು ಸುಳ್ಳು. ಸಮೋಸ ಕೈ ಜಾರಿ ಬಿದ್ದಿದ್ದು."

ಅರ್ಸಲಾನ್ ಭಾಯ್ ಕೆಮ್ಮಿದರು. ನಗು ನುಂಗಿದ್ದೂ ಇರಬಹುದು. ದಾನಿಯಾ ನಗಲಿಲ್ಲ.

"ಅಂಜಿಕಿ ಇದ್ರ ಇರ್ಲಿ. ಐದು ವಾರ ಯಾಕ ಹೇಳ್ಲಿಲ್ಲ?"

"ಹೇಳಿದ್ರ ನೀವು ಬ್ಯಾಡ ಅಂತೀರಿ ಅಂತ."

"ಈಗ ಏನಂತೀನಿ ಅಂದ್ಕೊಂಡೀರಿ?" ಪಿಕಲ್‌ನನ್ನು ಕರೆದುಕೊಂಡು ತನ್ನ ಟೆಂಟಿಗೆ ಹೋದಳು. ಜಿಪ್ ಎಳೆದ ಸದ್ದು.

ಅಕ್ಟೋಬರ್ ೧೪. ಬೆಳಿಗ್ಗೆ ೯

ತಿಂಡಿಯ ಹೊತ್ತಿಗೆ ಮೂರೇ ಮಾತು. "ಉಪ್ಪು." "ನೀರು." "ಥ್ಯಾಂಕ್ಸ್."

ಪಾಳು ಮನೆಗಳು ಎದುರಿನ ಬಂಡೆಯಲ್ಲಿ. ಅಲ್ಲಿಗೆ ನಾಯಿ ಒಯ್ಯುವಂತಿಲ್ಲ. ಕೊನೆಯ ಅರ್ಧ ಮೈಲಿ ಬಂಡೆಯಂಚಿನ ದಾರಿ, ಒಬ್ಬರೇ ಹೋಗಬೇಡಿ ಎಂದು ರೇಂಜರ್ ಎರಡೆರಡು ಸಲ ಹೇಳಿದ್ದರು. ಅಂದರೆ ಇಬ್ಬರು ಅಲ್ಲಿ, ಒಬ್ಬರು ನಾಯಿಯ ಜೊತೆ.

"ಭಾಯ್, ನೀವಿಬ್ರೂ ಹೋಗಿಬರ್ರಿ. ನಾ ಕೂಡ್ತೀನಿ," ಎಂದಳು. ಒಂದು ವರ್ಷದಿಂದ ಆ ಮನೆಗಳ ಫೋಟೋ ಅವಳ ಫೋನಿನ ವಾಲ್‌ಪೇಪರ್.

"ನಾ ಹಿಡ್ಕೋತೀನಿ," ಎಂದೆ.

"ಅಂಜಿಕಿ?"

"ಅದ. ಭಾಳ ಅದ. ಆದ್ರೂ ಹಿಡ್ಕೋತೀನಿ. ನೀವು ನೋಡಬೇಕು."

ಪಿಕಲ್ ಕೊರಳಿನ ಹಗ್ಗ ಕೊಟ್ಟಳು.

೯:೨೦

ಜೂನಿಪರ್ ಮರದ ನೆರಳು. ಹಗ್ಗ ಮಣಿಕಟ್ಟಿಗೆ ಎರಡು ಸುತ್ತು. ಪಿಕಲ್ ಅವಳು ಹೋದ ದಾರಿ ನೋಡಿ ಕುಂಯ್ ಕುಂಯ್. ನಾನೂ ಅದೇ ದಾರಿ ನೋಡುತ್ತಿದ್ದೇನೆ. ಇಬ್ಬರದೂ ಒಂದೇ ಗತಿ.

೯:೪೫

ಹಲ್ಲಿಯೊಂದು ಓಡಿತು. ಪಿಕಲ್ ಅದರ ಹಿಂದೆ. ನಾನು ಪಿಕಲ್ ಹಿಂದೆ, ಕೂತಲ್ಲಿಂದಲೇ, ಮಣ್ಣಿನ ಮೇಲೆ ಹತ್ತು ಅಡಿ! ಪ್ಯಾಂಟು ಹರಿಯಿತು. ಹಗ್ಗ ಬಿಡಲಿಲ್ಲ. ಅದು ತಿರುಗಿ ಬಂತು. ತರಚಿದ ಕೈ ನೆಕ್ಕಿತು. ಬೆಚ್ಚಗೆ, ಒರಟಾಗಿ. ಕೂಗಿಕೊಳ್ಳಲಿಲ್ಲ ನಾನು. ಸ್ವಲ್ಪ ಕೂಗಿಕೊಂಡೆ.

ಬೋಗುಣಿಗೆ ನೀರು ಹಾಕಿದೆ. ಕುಡಿಯಿತು. ಒಂದು ಬೆರಳಿಂದ ಕಿವಿ ಮುಟ್ಟಿದೆ. ಆಮೇಲೆ ಎರಡು ಬೆರಳು. ಎಷ್ಟು ಮೆತ್ತಗಿದೆ! ಹೃದಯ ಇನ್ನೂ ಢವಢವ. ಆದರೂ ನಗು ಬರುತ್ತಿದೆ, ಒಬ್ಬನೇ ನಗುತ್ತಿದ್ದೇನೆ.

೧೦:೧೦

ಎದುರಿನ ಬಂಡೆಯಲ್ಲಿ ಎರಡು ಚುಕ್ಕೆ. ಒಂದಕ್ಕೆ ಹಳದಿ ಟೋಪಿ. ದಾನಿಯಾ! ತಲುಪಿದಳು! ಎದ್ದು ನಿಂತು ಎರಡೂ ಕೈ ಬೀಸಿದೆ. ಪಿಕಲ್ ಬೊಗಳಿತು, ಕಣಿವೆ ತಿರುಗಿ ಬೊಗಳಿತು. ಹಳದಿ ಟೋಪಿ ಗಾಳಿಯಲ್ಲಿ ಅಲ್ಲಾಡಿತು. ಸದ್ಯ… ಅಷ್ಟು ಸಿಟ್ಟಿಲ್ಲ.

೧೧:೨೫

ಬಂದರು. ದಾನಿಯಾಳ ಮುಖ ಬಿಸಿಲಿಗೆ ಕೆಂಪು, ಮಾತು ನಿಲ್ಲುತ್ತಿಲ್ಲ. ಗೋಡೆಯ ಮಣ್ಣಿನಲ್ಲಿ ಕಟ್ಟಿದವರ ಬೆರಳಿನ ಗುರುತು ಹಾಗೇ ಇದೆಯಂತೆ, ನಿನ್ನೆ ಮೆತ್ತಿದ ಹಾಗೆ. ನನ್ನ ಹರಿದ ಪ್ಯಾಂಟು ನೋಡಿದಳು, ಕೈ ನೋಡಿದಳು, ನನ್ನ ತೊಡೆಯ ಮೇಲೆ ಮಲಗಿದ್ದ ಪಿಕಲ್ ನೋಡಿದಳು.

"ಇನ್ನೂ ಅಂಜಿಕಿ ಅದ?"

"ಅದ. ಸ್ವಲ್ಪ ಕಡಿಮಿ."

ಈಗ ನಕ್ಕಳು. "ಭಾಯ್, ಈಗ ನೀ ಪಿಕಲ್ ಹಿಡ್ಕೊ. ಇವರನ್ನ ನಾ ಕರ್ಕೊಂಡು ಹೋಗಿ ತೋರಸ್ತೀನಿ." ಭಾಯ್ ಆಕಾಶ ನೋಡುತ್ತಾ, "ಹೂಂ," ಎಂದರು.

ಆಮೇಲೆ ದಾನಿಯಾ ನನ್ನ ಕಡೆ ತಿರುಗಿ, "ಮನಿಗೆ ಹೋದ ಮ್ಯಾಲೆ ನಮ್ಮ ಅಬ್ಬಾ, ಹುಡುಗ ಒಪ್ಪಿಗಿ ಏನು ಅಂತ ಕೇಳ್ತಾರ. ನಾ ಹೂಂ ಅಂತೀನಿ. ನೀವು ಏನಂತೀರಿ, ಯೋಚನೆ ಮಾಡಿ ಹೇಳ್ರಿ. ನಾ ಬಾಟಲಿ ತುಂಬ್ಕೊಂಡು ಬರ್ತೀನಿ," ಎಂದು ಟೆಂಟಿನ ಕಡೆ ಹೋದಳು.

ಯೋಚನೆಯಂತೆ! ಯೋಚನೆ ಮಾಡಲು ಏನಿದೆ? ಅಕ್ಷರ ನೆಟ್ಟಗಿಲ್ಲ. ಇಲ್ಲಿ ಕೂತು ಬರೆಯುತ್ತಿದ್ದೇನಲ್ಲ, ಮೂರ್ಖ — ಎದ್ದು ಹೋಗಿ ಅವಳಿಗೇ ಹೇಳಬಾರದೇ? ಪಿಕಲ್, ಏಳು. ಏಳೋ ಮಾರಾಯ, ಕಾಲು ಬಿಡು, ನಾನು ಹೋ—