ಹಳೆ ನಳಿಗೆಯ ಅಂಕಿ

ಮಾರ್ಚ್ ೧೪

ಪ್ರೀತಿಯ ಪುಟ್ಟುವಿಗೆ,

ಅಕ್ಕನ ಆಶೀರ್ವಾದಗಳು. ನಾವಿಲ್ಲಿ ಚೆನ್ನಾಗಿದ್ದೇವೆ. ನಿನ್ನ ಭಾವ ಹಲ್ಲುನೋವೆಂದು ಎರಡು ದಿನ ಮುಖ ಊದಿಸಿಕೊಂಡು ಕೂತಿದ್ದರು. ಈಗ ಹಲ್ಲು ಕೀಳಿಸಿಕೊಂಡು ಮತ್ತೆ ಮಾತು ಶುರು ಮಾಡಿದ್ದಾರೆ. ನೀನು ರೈಫಲ್ ಕಳಿಸಿ ಮೂರು ವಾರವಾಯಿತು, ಐದಾರು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ತಪ್ಪು ನನ್ನದೇ. ಆದರೆ ಎತ್ತಿದ್ದರೆ ಕಿರುಚಿಬಿಡುತ್ತಿದ್ದೆ. ಕಾಗದವಾದರೆ ನೀನು ಮಧ್ಯೆ ಬಾಯಿ ಹಾಕುವ ಹಾಗಿಲ್ಲ, ಸುಮ್ಮನೆ ಕೂತು ಓದು.

ಮೊದಲು ನಿನ್ನ ಚೀಟಿಯ ವಿಷಯ. ತಾತನ ರೈಫಲ್ ಜೊತೆ ನಿನ್ನ ಬಾಮೈದನ ಕೈಯಲ್ಲಿ ಕಳಿಸಿದ್ದೆಯಲ್ಲ, ಅದು. "ಅಕ್ಕ, ಇದರ ಕಾಡತೂಸು ಈಗ ಎಲ್ಲೂ ಸಿಗಲ್ಲ. ಕ್ಲಬ್ಬಲ್ಲಿ ಎಲ್ರೂ ಬಳಸೋ ಅಳತೆಗೆ ಬದಲಾಯಿಸಿಕೊಡು. ಅಂತೂ ಇಂತೂ ಒಂದು ಹಳೆ ಡಬ್ಬಿ ಸಿಕ್ಕಿದೆ, ಬಿಚ್ಚೋಕೆ ಮುಂಚೆ ಎರಡು ಹೊಡೆದು ನೋಡು. ಈ ಸಲ ಅಂಕಿ ಒತ್ತೋದು ಮಾತ್ರ ಮರೀಬೇಡಮ್ಮಾ, ಹ್ಹಹ್ಹಾ!"

ಹ್ಹಹ್ಹಾ ಅಂತೆ. ಓದಿ ನನ್ನ ಮೈಯೆಲ್ಲ ಉರಿದುಹೋಯಿತು. ಒಬ್ಬ ಮನುಷ್ಯನ ಕಣ್ಣು ಹೋದ ವಿಷಯ ಕಣೋ ಅದು! ನಿನಗೆ ನಗೆಚಾಟಿಕೆಯಾಯಿತೇ? ಮರೆತಿದ್ದರೆ ನೆನಪು ಮಾಡಿಕೊಡುತ್ತೇನೆ, ಕೇಳು.

ಹನ್ನೊಂದು ವರ್ಷದ ಹಿಂದೆ ಡ್ರಿಲ್ ಮೇಷ್ಟ್ರು ತಮ್ಮ ರೈಫಲನ್ನು ದೊಡ್ಡ ಕಾಡತೂಸಿಗೆ ಬದಲಾಯಿಸಲು ಅಪ್ಪನ ಅಂಗಡಿಗೆ ಕೊಟ್ಟರು. ನಳಿಗೆಯ ಬುಡದಲ್ಲಿ ಕಾಡತೂಸು ಕೂರುವ ಕೋಣೆಯನ್ನು ಕೊರೆದು ಅಗಲ ಮಾಡಿದವಳು ನಾನು. ಕೂದಲೆಳೆಯಷ್ಟೂ ತಪ್ಪಿರಲಿಲ್ಲ, ತನಿಖೆಗೆ ಬಂದವರೇ ಹಾಗೆ ಬರೆದರು. ಉಳಿದಿದ್ದು ನಳಿಗೆಯ ಮೇಲೆ ಕಾಡತೂಸಿನ ಅಳತೆ ಹೇಳುವ ಹಳೆ ಅಂಕಿ ಅಳಿಸಿ ಹೊಸ ಅಂಕಿ ಒತ್ತುವ ಕೆಲಸ. ಅಚ್ಚಿನ ಪೆಟ್ಟಿಗೆಯ ಕೀಲಿ ಯಾವಾಗಲೂ ಅಪ್ಪನ ಸೊಂಟದಲ್ಲಿ. "ಅಂಗಡಿ ಹೆಸರು ನಂದು, ಅಂಕಿ ನಾನೇ ಒತ್ತಬೇಕು" ಅನ್ನುತ್ತಿದ್ದರು. ಆ ದಿನ ಅಂಕಿ ಬದಲಾಗದೆಯೇ ರೈಫಲ್ ಅಂಗಡಿಯಿಂದ ಹೊರಟಿತು. ಮೇಷ್ಟ್ರ ಮನೆಗೆ ಮುಟ್ಟಿಸಿದವನು ನೀನು. ಕಂಬಳಿ ಸುತ್ತಿ ಹೊತ್ತುಕೊಂಡು ಹೋದೆ, ನಿನಗೇನು ಗೊತ್ತಿತ್ತು ಪಾಪ. ಮಾರನೆಯ ಬೆಳಿಗ್ಗೆ ಅವರ ತಮ್ಮ ನಳಿಗೆಯ ಮೇಲಿನ ಅಂಕಿ ನೋಡಿ ಹಳೆ ಡಬ್ಬಿಯಿಂದ ತುಂಬಿಕೊಟ್ಟ. ಅವನದೇನು ತಪ್ಪು? ಮೇಷ್ಟ್ರು ಕುದುರೆ ಎಳೆದರು. ಸಣ್ಣ ಕಾಡತೂಸು ಅಗಲದ ಕೋಣೆಯಲ್ಲಿ ಸೀಳಿ ಬೆಂಕಿ ಹಿಂದಕ್ಕೆ ನುಗ್ಗಿತು. ಬಲಗಣ್ಣು ಹೋಯಿತು.

"ಕೀಲಿ ಬೆಂಚಿನ ಮೇಲಿದೆ, ಅಂಕಿ ಒತ್ತಿಬಿಡು ಅಂತ ಹೇಳಿ ಹೋಗಿದ್ದೆ. ಲೇತ್ ಸದ್ದಲ್ಲಿ ಕೇಳಿಸ್ಕೊಂಡಿಲ್ಲ ಇವಳು." ತನಿಖೆಯವರ ಮುಂದೆ ಅಪ್ಪ ಅಂದದ್ದು ಇಷ್ಟೇ. ಅಮ್ಮ ತಲೆ ಚಚ್ಚಿಕೊಂಡಳು. "ಹೆಣ್ಣಿಗೆ ಯಾಕೆ ಕಬ್ಬಿಣದ ಕೆಲಸ ಅಂತ ಬಡ್ಕೊಂಡೆ, ಯಾರು ಕೇಳಿದ್ರಿ?"

ನಾನು ನಂಬಿದೆ, ಪುಟ್ಟು. ಅದೇ ನನಗೆ ಇವತ್ತು ಸಂಕಟ. ಲೇತ್ ಓಡುತ್ತಿತ್ತು, ಅಪ್ಪ ಹೇಳಿರಬಹುದು, ನನ್ನ ಕಿವಿಗೆ ಬಿದ್ದಿರಲಿಕ್ಕಿಲ್ಲ ಅಂದುಕೊಂಡೆ. ಆಸ್ಪತ್ರೆಗೆ ಹೋಗಿ ಮೇಷ್ಟ್ರ ಕಾಲು ಹಿಡಿದುಕೊಂಡು ಅತ್ತೆ. "ಹೋಗ್ಲಿ ಬಿಡಮ್ಮ, ಇನ್ನೊಂದಿದೆಯಲ್ಲ" ಅಂದರು ಆ ಪುಣ್ಯಾತ್ಮ. ಏಳು ವರ್ಷ ನನಗೆ ಪರವಾನಗಿ ಕೊಡಲಿಲ್ಲ. ಏಳು ವರ್ಷ ಪರರ ವರ್ಕ್‌ಶಾಪಿನಲ್ಲಿ ಬೋಲ್ಟು ಕಡೆದೆ. ಈಗ ನನ್ನದೇ ಅಂಗಡಿಯಿದೆ, ಆದರೂ ಬಾಗಿಲಲ್ಲಿ ಯಾರಾದರೂ ಬಾಯಿ ತೆರೆದರೆ ಮೊದಲು ಲೇತ್ ನಿಲ್ಲಿಸುತ್ತೇನೆ. ಸೊಳ್ಳೆಬತ್ತಿ ಮಾರುವವನು ಬಂದರೂ ನಿಲ್ಲಿಸುತ್ತೇನೆ. ಅಕ್ಕಪಕ್ಕದವರು ನಗುತ್ತಾರೆ. ಅಮ್ಮ ಫೋನ್ ಮಾಡಿದಾಗಲೆಲ್ಲ, ಊಟವಾಯಿತಾ ಅನ್ನುವ ಮೊದಲು, "ಅಂಕಿ ಒತ್ತಿದೆಯಾ?" ಅನ್ನುತ್ತಾಳೆ.

ಈಗ ನಿನ್ನ ರೈಫಲ್ಲಿಗೆ ಬರುತ್ತೇನೆ. ನೀನು ಹೇಳಿದಂತೆ ಎರಡು ಹೊಡೆದು ನೋಡಲಿಲ್ಲ. "ಅಂಕಿ ನಂಬಬೇಡ, ಕೋಣೆ ಅಳೆ" ಎಂದು ಅಪ್ಪನೇ ನನಗೆ ಕಲಿಸಿದ್ದು. ಗಂಧಕ ಕರಗಿಸಿ ಕೋಣೆಗೆ ಹೊಯ್ದೆ, ಆರಿದ ಮೇಲೆ ಮೆಲ್ಲಗೆ ತಟ್ಟಿ ಕೋಣೆಯ ಅಚ್ಚನ್ನು ಈಚೆ ತೆಗೆದೆ, ಅಳೆದೆ. ಅಳತೆ ಸರಿಹೋಗಲಿಲ್ಲ. ನಾನೇ ತಪ್ಪಾಗಿ ಅಳೆದಿರಬೇಕೆಂದು ಮತ್ತೊಮ್ಮೆ ಹೊಯ್ದೆ. ಮೂರನೆಯ ಸಲವೂ ಅದೇ. ನಳಿಗೆಯ ಮೇಲಿರುವುದು ತಾತನ ಕಾಲದ ಅಂಕಿ, ಒಳಗಿನ ಕೋಣೆ ಅದಕ್ಕಿಂತ ಅಗಲ!

ಯಾರೋ ಕೊರೆದಿದ್ದಾರೆ. ಯಾರೋ ಏನು, ಅಪ್ಪನೇ. ಅವರ ಮೊದಲಿನ ಕೊರೆಯುವ ಹತಾರದ ಬಾಯಿ ಒಂದು ಕಡೆ ಮುರಿದಿತ್ತು, ಕೊರೆದಲ್ಲೆಲ್ಲ ಒಂದು ಸಣ್ಣ ಗೀರು ಬಿಡುತ್ತಿತ್ತು, ರಿಪೇರಿಗೆ ಬಂದ ಅವರ ಹಳೆ ಕೆಲಸಗಳಲ್ಲಿ ನೋಡಿದ್ದೇನೆ. ನಾನು ಬೆಂಚಿನ ಮುಂದೆ ನಿಲ್ಲುವ ವಯಸ್ಸಿಗೆ ಬರುವ ಮೊದಲೇ ಅದನ್ನು ಎಸೆದು ಗೋಡೆಗೆ ಮೊಳೆ ಹಾಕಿ ಅದರ ಹಿಡಿ ಮಾತ್ರ ತೂಗುಹಾಕಿದ್ದರು. ಆ ಗೀರು ಗಂಧಕದ ಮೇಲೆ ಕಣ್ಣಿಗೆ ಹೊಡೆಯುವಂತೆ ಮೂಡಿದೆ. ತಮ್ಮ ಮನೆಯ ರೈಫಲನ್ನೇ ಬದಲಾಯಿಸಿ, ಅಂಕಿ ಒತ್ತದೆ, ಗೋಡೆಗೆ ಒರಗಿಸಿಟ್ಟಿದ್ದಾರೆ! ನಿನ್ನ ಡಬ್ಬಿಯಿಂದ ಎರಡು ಹೊಡೆದಿದ್ದರೆ ನನ್ನ ಕಣ್ಣೂ ಮೇಷ್ಟ್ರ ಕಣ್ಣಿನ ದಾರಿ ಹಿಡಿಯುತ್ತಿತ್ತು.

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. "ಆಮೇಲೆ ಒತ್ತಿದರಾಯಿತು" ಅನ್ನುವುದು ಅಪ್ಪನ ಹಳೆ ಚಾಳಿಯಾಗಿತ್ತು ನೋಡು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು. ಎಳೆದದ್ದು ಸಾಲದೆಂದು, "ನಂಬಿಕೆಯಿಲ್ಲದ ಕೈಗೆ ಮನೆ ರೈಫಲ್ ಬೇಡ" ಎಂದು ಬರೆದಿಟ್ಟು ಅದನ್ನು ನಿನಗೆ ಕೊಟ್ಟು ಹೋದರು. ಸತ್ತವರ ಮೇಲೆ ಸಿಟ್ಟು ಮಾಡಬಾರದು ಅನ್ನುತ್ತಾರೆ ನಿನ್ನ ಭಾವ. ಬದುಕಿದ್ದಾಗ ಗೊತ್ತಿರಲಿಲ್ಲವಲ್ಲ, ಆಗ ಹೇಗೆ ಮಾಡಲಿ?

ಕೆಲಸ ಮುಗಿದಿದೆ. ಹೊಸ ನಳಿಗೆ ಕೂರಿಸಿ ನಿನಗೆ ಬೇಕಾದ ಅಳತೆ ಮಾಡಿದ್ದೇನೆ, ಅಂಕಿ ಒತ್ತಿದ್ದೇನೆ, ಕುರುಡರೂ ಬೆರಳಿನಿಂದ ಓದಬಹುದು. ನಿನ್ನ ಹಳೆ ಡಬ್ಬಿ ಪೊಲೀಸ್ ಠಾಣೆಗೆ ಒಪ್ಪಿಸಿದೆ. ಹಳೆ ನಳಿಗೆ ಮಾತ್ರ ಕೊಡುವುದಿಲ್ಲ. ನಿನ್ನಿಂದ ಒಂದೇ ಕೆಲಸವಾಗಬೇಕು. ಅಮ್ಮನ ಪಕ್ಕದಲ್ಲಿ ಕೂತು ಇದನ್ನೆಲ್ಲ ಓದಿ ಹೇಳು. ಆಮೇಲೆ ಮೇಷ್ಟ್ರ ಮನೆಗೆ ಹೋಗಿ ಹೇಳು. ನಾನೇ ಹೇಳಿದರೆ ತಪ್ಪಿಸಿಕೊಳ್ಳೋಕೆ ಸತ್ತ ಅಪ್ಪನ ಮೇಲೆ ಹಾಕುತ್ತಾಳೆ ಅಂದಾರು. ನೀನು ಹೇಳಿದರೆ ನಂಬುತ್ತಾರೆ.

ಚೀಟಿಯ ಮಾತು ಬೇಕೆಂದು ಬರೆದಿರಲಿಕ್ಕಿಲ್ಲ, ನಿನ್ನ ನಾಲಗೆಗೆ ಎಲುಬಿಲ್ಲ ಅಂತ ನನಗೆ ಗೊತ್ತಿಲ್ಲವೇ? ಅದನ್ನು ಮರೆತುಬಿಡುತ್ತೇನೆ. ನಿನ್ನ ಹೆಂಡತಿಗೆ, ಮಗುವಿಗೆ ನನ್ನ ಆಶೀರ್ವಾದ. ಎಲ್ಲರೂ ನೂರು ಕಾಲ ಸುಖವಾಗಿರಿ.

ಇಂತಿ ನಿನ್ನ
ಅಕ್ಕ

ಮರೆತ ಮಾತು: ಮಾರ್ಚ್ ೧೬. ಅಂಟಿಸಿದ ಲಕೋಟೆಯನ್ನು ಹರಿದು ಮತ್ತೆ ಬರೆಯುತ್ತಿದ್ದೇನೆ. ಇವತ್ತು ನಿನ್ನ ಬಾಮೈದ ರೈಫಲ್ ಆಯಿತೇ ಎಂದು ಕೇಳಲು ಬಂದಿದ್ದ. ತಡೆಯಲಾಗದೆ ಗಂಧಕದ ಅಚ್ಚು ತೋರಿಸಿ ಎಲ್ಲ ಹೇಳಿದೆ. ಅವನು ಟೀ ಊದಿಕೊಂಡು ಕುಡಿಯುತ್ತಾ, "ಅಯ್ಯೋ, ಇದರಲ್ಲೇನು ಹೊಸದು ಅಕ್ಕ? 'ಅಂಕಿ ಆಮೇಲೆ ಒತ್ತಿದ್ರಾಯ್ತು, ಮೇಷ್ಟ್ರು ಕಾಯ್ತಿದ್ದಾರೆ, ತಗೊಂಡು ಹೋಗಿ ಕೊಡು' ಅಂತ ನಿಮ್ಮ ತಂದೆಯವ್ರೇ ನಮ್ಮ ಭಾವನಿಗೆ ಅಂದ್ರಂತಲ್ಲ. ಭಾವ ನಮ್ಮನೇಲಿ ಊಟಕ್ಕೆ ಕೂತಾಗೆಲ್ಲ ಹೇಳ್ತಾರೆ. ಪಾಪ, ನಿಮ್ಮ ತಲೆಗೆ ಬಂತು ಅಂತ ನಮ್ಮಮ್ಮನೂ ಲೊಚಗುಟ್ತಾರೆ," ಅಂದ.

ನಿನ್ನ ಅತ್ತೆಗೆ ಗೊತ್ತು. ಬಾಮೈದನಿಗೆ ಗೊತ್ತು. ಹನ್ನೊಂದು ವರ್ಷ ನನಗೊಬ್ಬಳಿಗೇ ಗೊತ್ತಿರಲಿಲ್ಲ. ನಾನು ಮೇಷ್ಟ್ರ ಕಾಲು ಹಿಡಿದು ಅಳುವಾಗ ನೀನು ಬಾಗಿಲ ಹತ್ತಿರ ಫ್ಲಾಸ್ಕ್ ಹಿಡಿದು ನಿಂತಿದ್ದೆ.

ರೈಫಲ್ ಅವನ ಕೈಯಲ್ಲಿ ಕಳಿಸಿಲ್ಲ. ಅಮ್ಮನಿಗೂ ಮೇಷ್ಟ್ರಿಗೂ ಹೇಳಿ ಆಮೇಲೆ ನೀನೇ ಬಾ. ಬಾಗಿಲಲ್ಲಿ ನಿಂತು ಒಂದು ಮಾತು ಆಡು, ಸಾಕು. ಲೇತ್ ನಿಲ್ಲಿಸುತ್ತೇನೆ.