ಅಪ್ಪನ ಬೀಪರ್

ಫೆಬ್ರವರಿ ೧೧, ಬುಧವಾರ

ಇಂದು ಇಳಿಜಾರಿನಲ್ಲಿ ಹಿಮ ಕುಸಿದು ಅಪ್ಪನ ಸೊಂಟದವರೆಗೆ ಬಂದು ನಿಂತಿತು. ಅದೃಷ್ಟ, ಅಷ್ಟೇ.

ಹಿಮದಡಿ ಹೂತವರನ್ನು ಹುಡುಕುವುದು ಎದೆಗೆ ಕಟ್ಟಿಕೊಂಡ ಬೀಪರ್ ಕಳಿಸುವ ಸಂಕೇತದಿಂದ. ಹೊರಡುವ ಮುನ್ನ ಒಬ್ಬೊಬ್ಬರದನ್ನೂ ಪರೀಕ್ಷಿಸುವುದು ಗೈಡ್ ಆದ ನನ್ನ ಕೆಲಸ. ಬೆಳಿಗ್ಗೆ ಇನ್ಸ್‌ಬ್ರುಕ್‌ನಿಂದ ಸ್ಕೀ ಮಾಡಲು ಬಂದವರನ್ನೆಲ್ಲ ಪರೀಕ್ಷಿಸಿದೆ. ಕೊನೆಗೆ ನಿಂತಿದ್ದ ಅಪ್ಪ, "ಕೆಲಸ ಕಲಿಸಿದೋನನ್ನೇ ಪರೀಕ್ಷೆ ಮಾಡ್ತೀಯೇನೇ, ಫ್ರೋನಿ?" ಎಂದ. ಎಲ್ಲರೂ ನಕ್ಕರು. ನಾಚಿಕೆಯಾಗಿ ಬಿಟ್ಟುಬಿಟ್ಟೆ.

ಸಂಜೆ ಅವನ ಬೀಪರ್ ಒರೆಸಿಡುವಾಗ ನೋಡಿದೆ. ಅದರಲ್ಲಿ ಬ್ಯಾಟರಿಯೇ ಇರಲಿಲ್ಲ. ಯಾರಿಗೂ ಹೇಳಲಿಲ್ಲ.

ಊಟಕ್ಕೆ ಕೂತಾಗ ಅಪ್ಪ ಅಮ್ಮನಿಗೆ ಹೇಳುತ್ತಿದ್ದ: "ಪೂರ್ತಿ ಹೂತುಹೋಗಿದ್ರೂ ನಂಗೇನ್ ಭಯ ಇರ್ಲಿಲ್ಲ ಕಣೇ. ಹುಡುಕೋಕೆ ಇವಳಿದ್ಲಲ್ಲ."

ಅಮ್ಮ ಕಣ್ಣೊರೆಸಿಕೊಂಡು ನನ್ನ ತಟ್ಟೆಗೆ ಇನ್ನೊಂದು ಕ್ನೋಡೆಲ್ ಉಂಡೆ ಹಾಕಿದಳು. ಅದನ್ನೂ ತಿಂದೆ.