ಅರವತ್ತೆರಡನೇ ಪುಟದ ಹೆಂಡತಿ

ಫೆಬ್ರವರಿ ೧೨, ಗುರುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ಗುಬ್ಬಿಯ ನಮಸ್ಕಾರ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯದ್ದಕ್ಕೆ ಬೈದುಕೊಂಡಿರುತ್ತೀಯ, ಬೈಯಲು ನಿನಗೆ ಹಕ್ಕಿದೆ. ಮಂಡಿನೋವು ಈಗ ಹೇಗಿದೆ? ಡಾಕ್ಟರು ಬೇಡವೆಂದರೂ ಮೆಟ್ಟಿಲು ಹತ್ತಿ ಬಟ್ಟೆ ಒಣಹಾಕುತ್ತೀಯಂತೆ, ನಿನ್ನ ಮಗಳು ಫೋನಿನಲ್ಲಿ ಚಾಡಿ ಹೇಳಿದಳು. ಈ ವಿಷಯವನ್ನೂ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಆಡಿದ ಮಾತು ಎಲ್ಲಿಗೆ ಹೋಗಿ ಸೇರುತ್ತದೆ ಎಂದು ಈಗ ನನಗೆ ಗೊತ್ತಾಗಿದೆ.

ನಿನ್ನ ಮಗಳ ಪರೀಕ್ಷೆಗೆ ನಮ್ಮ ಮನೆಯವರು ಬರೆದ ಇಂಗ್ಲಿಷ್ ಗೈಡಿನ ಹೊಸ ಆವೃತ್ತಿ ಬೇಕು ಎಂದು ನೀನು ಕೇಳಿದ್ದೆ. ಅದು ಇನ್ನೂ ಅಚ್ಚಾಗಿಲ್ಲ. ಕೊನೆಯ ಕರಡು ನನ್ನ ಮುಂದೆಯೇ ಇದೆ, ಶನಿವಾರ ಬೆಳಿಗ್ಗೆ ಪ್ರೆಸ್ಸಿನವರು ಬಂದು ಒಯ್ಯುತ್ತಾರೆ. ಅಚ್ಚಾದ ಮೇಲೂ ನಾನು ಕಳಿಸುವವಳಲ್ಲ ಅಕ್ಕ. ಆ ಪುಸ್ತಕ ಮುಟ್ಟಿದರೆ ಕೈ ತೊಳೆದುಕೊಳ್ಳಬೇಕು ಎನಿಸುತ್ತದೆ.

ನಮ್ಮ ಮುಂದಿನ ಕೋಣೆಯೇ ಇವರ ಟ್ಯೂಷನ್ ಕ್ಲಾಸು ಎಂದು ನಿನಗೆ ಗೊತ್ತಲ್ಲ. ಬೆಳಿಗ್ಗೆ ಒಂದು ಬ್ಯಾಚು, ಸಂಜೆ ಒಂದು. ಅಡುಗೆಮನೆಗೂ ಅದಕ್ಕೂ ನಡುವೆ ಬರೀ ಹಲಗೆಯ ಗೋಡೆ. ಸೀಮೆಸುಣ್ಣದ ಪುಡಿ ಹಾಲಿನ ಪಾತ್ರೆಯವರೆಗೂ ಬರುತ್ತದೆ, ಪಾಠವೂ ಬರುತ್ತದೆ. ಹಿಂದಿನ ಆವೃತ್ತಿಗಳನ್ನೆಲ್ಲ ಟೈಪ್ ಮಾಡಿದ್ದು ನಾನು, ತಿದ್ದಿದ್ದು ನಾನು, ಹೆಸರು ಮಾತ್ರ ಅವರದು. ಈ ಸಲ ಯಾಕೋ ನನಗೆ ಕೊಡದೆ ಪ್ರೆಸ್ಸಿನಲ್ಲೇ ಟೈಪ್ ಮಾಡಿಸಿದರು. ಆದರೆ ತಿದ್ದಲು ಅವರಿಗೆ ನಾನಲ್ಲದೆ ಬೇರೆ ಯಾರೂ ಇಲ್ಲ, ಕರಡು ಕೈಗೆ ಬಂದ ಮೇಲೆ ಯಾಕೆಂದು ತಿಳಿಯಿತು.

ಹೊಸದಾಗಿ ಸೇರಿಸಿರುವುದು ಪದಗಳ ಜಾಗದ ಪಾಠ. ನಮ್ಮ ಮಾತಿನಲ್ಲಿ ‘ನಿನ್ನೆ’, ‘ಯಾವಾಗಲೂ’ ಇಂಥವು ವಾಕ್ಯದಲ್ಲಿ ಎಲ್ಲಿ ಬೇಕಾದರೂ ಕೂರುತ್ತವೆ, ಮನೆಮಂದಿ ಚಾಪೆಯ ಮೇಲೆ ಕೂತ ಹಾಗೆ. ಇಂಗ್ಲಿಷು ರಿಸರ್ವೇಷನ್ ಬಸ್ಸು. ‘ಆಲ್ವೇಸ್’, ‘ಸೆಲ್ಡಮ್’, ‘ನೆವರ್’ ಬಂದರೆ ಸಾಮಾನ್ಯವಾಗಿ ಕ್ರಿಯಾಪದಕ್ಕೆ ಮೊದಲಿನ ಸೀಟು, ‘ಯೆಸ್ಟರ್ಡೇ’ಗೆ ಹೆಚ್ಚಾಗಿ ಕೊನೆಯ ಸೀಟು. ಪಾಠ ಚೆನ್ನಾಗಿಯೇ ಇದೆ, ಇಲ್ಲವೆಂದರೆ ನಾಲಿಗೆ ಬಿದ್ದುಹೋದೀತು. ಹೇಸಿಗೆ ಇರುವುದು ಉದಾಹರಣೆಗಳಲ್ಲಿ.

‘ಮೈ ವೈಫ್ ಆಲ್ವೇಸ್ ಫರ್ಗೆಟ್ಸ್ ದ ಸಾಲ್ಟ್.’ ನನ್ನ ಹೆಂಡತಿ ಯಾವಾಗಲೂ ಉಪ್ಪು ಹಾಕುವುದನ್ನು ಮರೆಯುತ್ತಾಳೆ. ‘ಮೈ ವೈಫ್ ಸೆಲ್ಡಮ್ ಸ್ಮೈಲ್ಸ್.’ ನನ್ನ ಹೆಂಡತಿ ನಗುವುದು ಅಪರೂಪ. ಅರವತ್ತೆರಡನೇ ಪುಟದ ತುಂಬ ಇದೇ ಹೆಂಡತಿ. ಪುಸ್ತಕಕ್ಕೆ ಮೊದಲು ಎಲ್ಲವನ್ನೂ ಕ್ಲಾಸಿನಲ್ಲಿ ಪ್ರಯೋಗ ಮಾಡಿದ್ದಾರೆ. ಮೂವತ್ತು ಮಕ್ಕಳು ಒಂದೇ ಉಸಿರಿನಲ್ಲಿ ಉಪ್ಪಿನ ವಾಕ್ಯ ಕೂಗುವಾಗ ನಾನು ಉಪ್ಪಿನ ಡಬ್ಬಿ ಹಿಡಿದು ಹಲಗೆಯ ಈಚೆ ನಿಂತಿದ್ದೆ. ಅವತ್ತು ಎರಡು ಸಲ ಹಾಕಿದೆ.

ಹೋದ ವಾರ ಟೈಲರ್ ಅಂಗಡಿಗೆ ಹೋಗಿದ್ದೆ. ಅಂಗಡಿಯಾಕೆಯ ಮಗಳು ಸಂಜೆ ಬ್ಯಾಚಿನವಳು. ಅಂಗಡಿಯಾಕೆ ಅಳತೆ ಟೇಪು ಕೊರಳಿಗೆ ಹಾಕಿಕೊಂಡು, “ಏನ್ ಮೇಡಂ, ನೀವು ನಗೋದೇ ಅಪರೂಪವಂತೆ?” ಅಂದಳು. ಅಂಗಡಿಯಲ್ಲಿ ಇನ್ನಿಬ್ಬರು ಹೆಂಗಸರಿದ್ದರು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು. ನಾನು ಏನು ಮಾಡಿದೆ ಗೊತ್ತಾ? ನಕ್ಕೆ. ಹಲ್ಲು ಕಾಣುವ ಹಾಗೆ, ಸಾಕ್ಷಿ ಕೊಡುವವಳ ಹಾಗೆ ನಕ್ಕೆ. ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ಮೇಲೇ ನನಗೆ ಅಸಹ್ಯವಾಯಿತು.

ಇನ್ನೊಂದು ಕೇಳು. ಮಕ್ಕಳಿಗೆ ಒಂದು ಸೂತ್ರ ಹೇಳಿಕೊಟ್ಟಿದ್ದಾರೆ: ಹೇಗೆ, ಎಲ್ಲಿ, ಯಾವಾಗ. ಇಂಗ್ಲಿಷ್ ವಾಕ್ಯದ ಕೊನೆಯಲ್ಲಿ ಇವು ಸಾಮಾನ್ಯವಾಗಿ ಇದೇ ಸಾಲಿನಲ್ಲಿ ಬರಬೇಕಂತೆ. ಉದಾಹರಣೆಗೆ, ‘ಶಿ ಕ್ರೈಡ್ ಲೌಡ್ಲಿ ಇನ್ ದ ಕಿಚನ್ ಯೆಸ್ಟರ್ಡೇ.’ ಅವಳು ನಿನ್ನೆ ಅಡುಗೆಮನೆಯಲ್ಲಿ ಜೋರಾಗಿ ಅತ್ತಳು. ಜನವರಿ ಹದಿನೇಳನೆಯ ತಾರೀಖು ನಾನು ಅತ್ತಿದ್ದು ನಿಜ. ಆ ದಿನ ಯಾಕೆ ಅಳುತ್ತೇನೆಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಯಾರೂ ಇಲ್ಲ ಅಂದುಕೊಂಡಿದ್ದೆ. ಮರುದಿನ ಬೆಳಿಗ್ಗೆ ಅದು ಬೋರ್ಡಿನ ಮೇಲಿತ್ತು. ಹೇಗೆ ಅತ್ತಳು, ಎಲ್ಲಿ ಅತ್ತಳು, ಯಾವಾಗ ಅತ್ತಳು ಎಂದು ಮಕ್ಕಳು ರಾಗವಾಗಿ ಹೇಳಿದವು. ಯಾಕೆ ಎನ್ನುವುದಕ್ಕೆ ಆ ಸೂತ್ರದಲ್ಲಿ ಸೀಟೇ ಇಲ್ಲ.

ಸೋಮವಾರ ಕರಡು ಹಿಡಿದು ಎದುರಿಗೆ ಕೂತೆ. ಇವರು ಪೆನ್ನಿನ ಕ್ಯಾಪಿನಿಂದ ಕಿವಿ ಕೆರೆದುಕೊಳ್ಳುತ್ತಿದ್ದರು. ಕೆರೆದುಕೊಂಡು, ಅದೇ ಕ್ಯಾಪನ್ನು ಹಲ್ಲಿನಲ್ಲಿ ಕಚ್ಚುತ್ತಾರೆ. ಇಪ್ಪತ್ತನಾಲ್ಕು ವರ್ಷದಿಂದ ನೋಡುತ್ತಿದ್ದೇನೆ.

“ಈ ಹೆಂಡತಿನ ಪುಸ್ತಕದಿಂದ ತೆಗೀರಿ” ಅಂದೆ.

“ಅದು ನೀನಲ್ಲ ಕಣೇ. ವ್ಯಾಕರಣದ ಹೆಂಡತಿ.”

“ಉಪ್ಪು ಮರೆಯೋಳು ಯಾರು ಹಾಗಾದ್ರೆ?”

“ಮಕ್ಕಳಿಗೆ ನೆನಪಿರಬೇಕು ಅಂದ್ರೆ ಮನೆ ಉದಾಹರಣೆನೇ ಆಗಬೇಕು. ರಾಜ, ಮಂತ್ರಿ ಅಂತ ಬರೆದ್ರೆ ಯಾರು ನೆನಪಿಟ್ಕೋತಾರೆ?”

“ಸರಿ, ಒಂದಾದ್ರೂ ಗಂಡನ ಮೇಲೆ ಬರೀರಿ. ಗಂಡ ಯಾವಾಗಲೂ ಕಿವಿ ಕೆರೆದ ಕ್ಯಾಪನ್ನು ಕಚ್ಚುತ್ತಾನೆ ಅಂತ.”

“ಪುಸ್ತಕಕ್ಕೆ ಒಂದು ಮರ್ಯಾದೆ ಬೇಡ್ವಾ?” ಅಂದರು. ತಮಾಷೆಗೆ ಅಂದದ್ದಲ್ಲ, ನಿಜಕ್ಕೂ ಅಂದದ್ದು. ಆಮೇಲೆ, “ಎದ್ದು ಟೀ ಇಡು” ಅಂದರು.

ಇಟ್ಟೆ. ಅದಕ್ಕೇ ನನ್ನ ಮೇಲೆ ಇನ್ನೂ ಸಿಟ್ಟು. ಅವರಿಗೆ ನನ್ನ ಮೇಲೆ ದ್ವೇಷವೇನಿಲ್ಲ ಅಕ್ಕ, ದ್ವೇಷವಿದ್ದಿದ್ದರೆ ಜಗಳವಾಡಬಹುದಿತ್ತು. ಪಾಠಕ್ಕೆ ಒಂದು ವಸ್ತು ಬೇಕಿತ್ತು, ಕೈಗೆ ಹತ್ತಿರ ನಾನಿದ್ದೆ, ಅಷ್ಟೇ. ನಾನು ತಿದ್ದಿದ ಮೇಲೆ ಕರಡನ್ನು ಅವರು ತಿರುವಿಯೂ ನೋಡುವುದಿಲ್ಲ. “ನಿನ್ನ ಕಣ್ಣು ತಪ್ಪಿಸಿದ್ದು ದೇವರ ಕಣ್ಣಿಗೂ ಬೀಳಲ್ಲ” ಅನ್ನುತ್ತಾರೆ. ಹಾಗಾಗಿ ಈಗ ಕೆಂಪು ಪೆನ್ನು ನನ್ನ ಕೈಯಲ್ಲೇ ಇದೆ. ಆ ಪುಟವನ್ನು ಏನು ಮಾಡಲಿ ಎಂದು ನಾಲ್ಕು ದಿನದಿಂದ ನೋಡುತ್ತ ಕೂತಿದ್ದೇನೆ.

ಮಗಳಿಗೆ ಪುಸ್ತಕದ ಬದಲು ನಾನೇ ಒಂಬತ್ತು ಹಾಳೆ ಬರೆದು ಇದರ ಜೊತೆ ಇಟ್ಟಿದ್ದೇನೆ. ನಿಯಮಗಳೆಲ್ಲ ಅವೇ. ಉದಾಹರಣೆಗಳಲ್ಲಿ ಬೆಕ್ಕು ಇದೆ, ಬಸ್ಸು ಇದೆ, ತಡವಾಗಿ ಬರುವ ಪೋಸ್ಟ್‌ಮ್ಯಾನ್ ಇದ್ದಾನೆ, ಯಾರ ಹೆಂಡತಿಯೂ ಇಲ್ಲ. ಚೆನ್ನಾಗಿ ಓದಲಿ, ಒಳ್ಳೆಯದಾಗಲಿ ಎಂದು ಅವಳ ಚಿಕ್ಕಮ್ಮ ಮನಸಾರೆ ಹರಸಿದ್ದಾಳೆಂದು ಹೇಳು. ನೀನು ಮೆಟ್ಟಿಲು ಹತ್ತಬೇಡ. ನನ್ನ ತಲೆಯ ಮೇಲೆ ನಿನ್ನ ಕೈ ಇರಲಿ.

ನಿನ್ನ ತಂಗಿ,
ಗುಬ್ಬಿ

ತಾ.ಕ.: ಅಂಟಿಸಿದ ಕವರನ್ನು ಮತ್ತೆ ಬಿಚ್ಚಿದ್ದೇನೆ. ಉಪ್ಪಿಗೆ, ನಗುವಿಗೆ ಇಷ್ಟು ಉರಿದುಕೊಳ್ಳುವವಳಲ್ಲ ನಾನು, ನಿನಗೆ ಅನುಮಾನ ಬಂದೇ ಬಂದಿರುತ್ತದೆ. ಅದೇ ಪುಟದ ಕೆಳಗೆ ಅಭ್ಯಾಸವಿದೆ, ಪಕ್ಕದಲ್ಲಿ ಕೊಟ್ಟ ಪದವನ್ನು ಸರಿಯಾದ ಜಾಗದಲ್ಲಿ ಸೇರಿಸಿ ಎಂದು. ಹದಿನಾಲ್ಕನೆಯದು, ‘ವಿ ಹ್ಯಾಡ್ ಎ ಡಾಟರ್.’ ನಮಗೊಬ್ಬಳು ಮಗಳಿದ್ದಳು. ಸೇರಿಸಬೇಕಾದ ಪದ ‘ಆಲ್ಮೋಸ್ಟ್’. ಅಂದರೆ, ಇನ್ನೇನು ಆಗಿಯೇಬಿಡುತ್ತಿದ್ದಳು, ಆಗಲಿಲ್ಲ ಅಂತ.

ಹತ್ತೊಂಬತ್ತು ವರ್ಷದಲ್ಲಿ ಈ ಮನುಷ್ಯ ಅವಳ ವಿಷಯಕ್ಕೆ ಒಂದು ಸಲವೂ ಬಾಯಿ ಬಿಟ್ಟಿಲ್ಲ. ನಾನು ಎತ್ತಿದರೆ ಎದ್ದು ಹೋಗುತ್ತಿದ್ದರು. ಕೊನೆಗೂ ಹೇಳಿದರು, ಛತ್ರಿ ಕಳೆದುಕೊಂಡವನ ವಾಕ್ಯಕ್ಕೂ ರೈಲು ತಪ್ಪಿದವನ ವಾಕ್ಯಕ್ಕೂ ನಡುವೆ, ಒಂದು ಅಂಕಕ್ಕೆ.

ಅವಳು ಮುಕ್ಕಾಲು ಗಂಟೆ ಉಸಿರಾಡಿದಳು ಅಕ್ಕ. ನಿನ್ನ ತೊಡೆಯ ಮೇಲಿದ್ದಳು, ನನ್ನ ಬೆರಳು ಹಿಡಿದಿದ್ದಳು. ಇವರು ಆಸ್ಪತ್ರೆಯ ಕಾರಿಡಾರಿನಲ್ಲೇ ನಿಂತಿದ್ದರು, ಒಳಗೆ ಬರಲಿಲ್ಲ.

ಉಪ್ಪು ಮರೆಯುವವಳನ್ನೂ ನಗದವಳನ್ನೂ ಹಾಗೇ ಬಿಟ್ಟಿದ್ದೇನೆ, ಅವಳು ನಾನೇ ಇದ್ದರೂ ಇರಲಿ. ಹದಿನಾಲ್ಕನೆಯದರಲ್ಲಿ ಆ ಒಂದು ಪದವನ್ನು ಮಾತ್ರ ಹೊಡೆದುಹಾಕಿದೆ. ನಮಗೊಬ್ಬಳು ಮಗಳಿದ್ದಳು, ಅಷ್ಟೇ ಅಚ್ಚಾಗುತ್ತದೆ. ಇಲ್ಲಿ ಏನು ಸೇರಿಸಬೇಕು ಸರ್ ಎಂದು ಮಕ್ಕಳು ಕೇಳೇ ಕೇಳುತ್ತಾರೆ. ಅವರು ಉತ್ತರ ಹೇಳುವಾಗ ನಾನು ಹಲಗೆಯ ಈಚೆ ನಿಂತಿರುತ್ತೇನೆ.